ಕಾಶವ್ವನ ಮಧ್ಯಾಹ್ನದ ನಿದ್ದೆ ಕಳುವಾದದ್ದು

ಕೇಳ್ರಪ್ಪಾ, ಒಂದೂರಿತ್ತು. ಅದು ಎಲ್ಲಿತ್ತು ಅಂತ ಆ ಊರಿಗೇ ಗೊತ್ತಿರಲಿಲ್ಲ. ಅಲ್ಲಿ ಕೌದಿ ಹೊಲಿಯುವ ಕಾಶವ್ವ ಇದ್ದಳು. ಅವಳಿಗೊಂದು ಮಧ್ಯಾಹ್ನದ ನಿದ್ದೆ ಇತ್ತು. ಬಿಳಿ ಅಂಗಿ, ಮೂರು ಗುಂಡಿ. ಊಟವಾದ ಮೇಲೆ ಮೆಲ್ಲಗೆ ಬಂದು ಅವಳ ಕಾಲ ಬಳಿ ಕೂರುತ್ತಿತ್ತು. ಏಳು ವರ್ಷದ ಹಿಂದೆ ತೀರಿಹೋದ ಗಂಡ ಫಕೀರಪ್ಪ ಆ ನಿದ್ದೆಯೊಳಗೆ ದಿನಾ ಬಂದು ಹರಟೆ ಹೊಡೆಯುತ್ತಿದ್ದ.

ಒಂದು ದಿನ ಮೊಬೈಲು ಕೂಗಿತು.

"ಅಮ್ಮಾ, ನಿದ್ದೆ ಕಚೇರಿಯಿಂದ ಮಾತಾಡೋದು. ನಿಮ್ಮ ನಿದ್ದೆಯ ಅವಧಿ ಮುಗಿದಿದೆ. ಈಗಲೇ ನಿದ್ದೆಯ ಗುಟ್ಟಿನ ಆರು ಅಂಕಿ ಹೇಳದಿದ್ದರೆ ನಿಮ್ಮ ಯಜಮಾನರು ಬರೋದು ನಿಲ್ಲುತ್ತೆ."

ಕಾಶವ್ವ ಗಾಬರಿಯಾಗಿ ಆರೂ ಅಂಕಿ ಹೇಳಿದಳು. ನಿದ್ದೆ ಎದ್ದು ನಿಂತಿತು. "ಕರೀತಿದಾರೆ" ಅಂದು ಮೊಬೈಲಿನ ತೂತಿನೊಳಗೆ ನುಸುಳಿ ಹೋಯಿತು.

ಜನ ನಗ್ತಾರೆ ಅಂತ ಕಾಶವ್ವ ಯಾರಿಗೂ ಹೇಳಲಿಲ್ಲ. ಮರುದಿನ ಇನ್ನೊಂದು ದನಿ ಬಂತು. "ಕಳೆದ ನಿದ್ದೆ ಹುಡುಕಿ ಕೊಡ್ತೀವಿ. ಮೊದಲು ನಿಮ್ಮ ಆಕಳಿಕೆ ಕಳಿಸಿ." ಕಳಿಸಿದಳು. ಅದೂ ಹೋಯಿತು. ಆಮೇಲೆ ಅವಳು ಬಾಯಿ ತೆರೆದರೆ ಆಕಳಿಕೆಯ ಬದಲು ಒಂದೊಂದೇ ಮೋಡ ಬರತೊಡಗಿತು. ಮೋಡಗಳು ಮನೆ ತುಂಬಿ, ಕಿಟಕಿ ದಾಟಿ, ಪಕ್ಕದ ಮನೆ ಹಸೀನಾಬಿಯ ಹಪ್ಪಳದ ಮೇಲೆ ಕುಳಿತವು.

ಹಸೀನಾಬಿ ಓಡಿ ಬಂದಳು. "ಕಾಶವ್ವಾ, ನಿನ್ನ ಮೋಡ ನನ್ನ ಹಪ್ಪಳ ತೋಯಿಸಾಕತ್ತಾವ. ಏನಾಗೇತಿ?"

ಕಾಶವ್ವ ಅಳುತ್ತ ಎಲ್ಲ ಹೇಳಿದಳು.

"ಕದ್ದಾಂವ ನಾಚಬೇಕು. ನೀ ಯಾಕ ನಾಚ್ಕೋತಿ? ಮೊಬೈಲಿನ್ಯಾಗ ಏನೂ ಅಳಿಸಬ್ಯಾಡ. ನಡಿ, ದೊರಿ ಹತ್ರ ಹೋಗೂಣು."

ಆ ದೊರೆಗೆ ಗುಂಡಿ ಬಿಟ್ಟು ಬೇರೆ ಚಿಂತೆಯೇ ಇರಲಿಲ್ಲ.

"ನಿದ್ದೆಗೆ ಎಷ್ಟು ಗುಂಡಿ?"

"ಮೂರ್ರೀ. ನಡುವಿಂದು ಸಡಿಲ ಐತಿ."

ದೊರೆ ಸಿಂಹಾಸನದಿಂದ ಜಿಗಿದ. "ಸಡಿಲ ಗುಂಡಿ! ಹಾಗಾದರೆ ಅದು ಓಡಲಾರದು. ಓಡಿದರೆ ಗುಂಡಿ ಬಿದ್ದುಹೋಗುತ್ತೆ!"

ಮೊಬೈಲು ಗಂಟಲು ಸರಿಮಾಡಿಕೊಂಡು ಕಳ್ಳರ ನಂಬರು ಒಪ್ಪಿಸಿತು. ದೊರೆ ಕೂಗಿದ, "ರಾಜ್ಯದ ಎಲ್ಲ ನಿದ್ದೆಗಳೂ ಇದ್ದಲ್ಲೇ ನಿಲ್ಲಲಿ!"

ನಿಂತವು. ಮಲಗಿದ್ದವರು ಹೊರಳಲಿಲ್ಲ. ತೂಕಡಿಸುತ್ತಿದ್ದವರ ತಲೆ ಅರ್ಧಕ್ಕೇ ನಿಂತಿತು. ಭಟರು ಒಂದೊಂದೇ ಗುಂಡಿ ಎಣಿಸುತ್ತ ಹೋದರು. ಕಾಶವ್ವನ ನಿದ್ದೆ ನದಿಯ ದೋಣಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಆರು ಕಳ್ಳರು ಸರದಿಯಂತೆ ಅದರಲ್ಲಿ ಮಲಗಿ ಎದ್ದಿದ್ದರು. ಏಳನೆಯವನು ಇನ್ನೂ ಗೊರಕೆ ಹೊಡೆಯುತ್ತಿದ್ದ. ಅವನನ್ನು ಗೊರಕೆ ಸಮೇತ ಕಟ್ಟಿ ತಂದರು.

ಅನ್ನ ಕುದಿಯುವಷ್ಟು ಹೊತ್ತಿನ ನಿದ್ದೆ ಉಳಿದಿತ್ತು. "ಮೊನ್ನೆಯೇ ಬಂದಿದ್ದರೆ ಇಡೀದು ಸಿಗುತ್ತಿತ್ತಲ್ಲ ತಾಯಿ," ಎಂದ ದೊರೆ. ಆರು ಅಂಕಿಗಳನ್ನೂ ಬದಲಿಸಿ ಕೊಟ್ಟ. ಆಕಳಿಕೆ ಮಾತ್ರ ಸಿಗಲೇ ಇಲ್ಲ.

ಕಾಶವ್ವ ಮನೆಗೆ ಬಂದು ಮಲಗಿದಳು. ಫಕೀರಪ್ಪ ಬಂದ. ಕೂರಲು ಹೊತ್ತಿರಲಿಲ್ಲ. ನಿಂತೇ ಎರಡು ಮಾತಾಡಿ ಹೋದ. ಅವಳಿಗೆ ಅಷ್ಟೇ ಸಾಕೆನಿಸಿತು.

ಎದ್ದಾಗ ಹಸೀನಾಬಿ ಹೊಸ್ತಿಲಲ್ಲಿ ಕೂತಿದ್ದಳು. ಸೆರಗಿನ ತುದಿ ಹಿಂಡುತ್ತ ಅಂದಳು, "ಹ್ವಾದ ವರ್ಷ ನಂದೊಂದು ಹಾಡೂ ಹಿಂಗ ಹೋತು. ನನ್ನವ್ವ ಕಲಿಸಿದ್ದು. ಯಾರಿಗೂ ಹೇಳಿದ್ದಿಲ್ಲ."

ಕಾಶವ್ವ ಚಪ್ಪಲಿ ಮೆಟ್ಟಿದಳು. "ಏಳು. ಹಾದ್ಯಾಗ ಎಷ್ಟು ನೆನಪೈತೋ ಅಷ್ಟು ಹಾಡು."

ಅವರಿಬ್ಬರೂ ಆ ಕಡೆ ಹೋದರು, ನಾನು ಈ ಕಡೆ ಬಂದೆ. ಕತೆಯ ನೀತಿ ಇಷ್ಟೇ: ನಿದ್ದೆಗೆ ಗುಂಡಿ ಹೊಲಿದಿಡಿ. ಹೊಲಿಯಲು ಬಾರದವರು ಕಳಕೊಂಡ ದಿನವೇ ಕೂಗಿಕೊಳ್ಳಿ.