ಬೀಡಿ ಆರುವ ತನಕ

"ಗುರುಗಳೇ, ಒಬ್ಬರ ಕೈಯಲ್ಲಿರುವ ವಿಷವನ್ನು ಕಿತ್ತು ಬಿಸಾಡಿದರೆ ಅದು ತಪ್ಪೇ?" ಎಂದು ನಿಜಲಿಂಗ ಕೇಳಿದ.

ಮಠದಲ್ಲಿ ಹೊಸ ದಾಸೋಹದ ಮನೆ ಏಳುತ್ತಿತ್ತು. ಕೆಲಸದ ಉಸ್ತುವಾರಿ ಶಿಷ್ಯ ನಿಜಲಿಂಗನದು. ಆಳುಗಳು ಸುಮ್ಮನೆ ಕೂತದ್ದು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂದು ಬೆಳಿಗ್ಗೆ ಕಲ್ಲು ಹೊರುವ ಸಾಂತವ್ವ ಬೇವಿನ ಮರದ ಕೆಳಗೆ ಕೂತು, ಮಡಿಲಲ್ಲಿ ಕೂಸು ಇಟ್ಟುಕೊಂಡು ಬೀಡಿ ಸೇದುತ್ತಿದ್ದಳು. ಇವನು ಅದನ್ನು ಕಿತ್ತು ಕಾಲಲ್ಲಿ ಹೊಸಕಿದ. ನನ್ನ ಬಾಯಿ ನನ್ನದು, ನಿಮಗೇನು ಎಂದು ಅವಳು ಎಲ್ಲರೆದುರು ಅಂದುಬಿಟ್ಟಳು. ಅದನ್ನೆಲ್ಲ ಇವನು ಸಿಟ್ಟಿನಿಂದಲೇ ಗುರುಗಳ ಮುಂದೆ ಹೇಳಿದ. ಸರ್ಕಾರವೇ ದಂಡ ಹಾಕುವ ಚಟ ಇದು, ಮಠದ ಅಂಗಳದಲ್ಲಿ ನಾನು ನೋಡಿಕೊಂಡು ಸುಮ್ಮನಿರಬೇಕಿತ್ತೇ ಎಂದು ಮತ್ತೆ ಕೇಳಿದ.

ಗುರುಗಳು ಮುಖ ಗಂಟಿಕ್ಕಿದರು. ಬೀಡಿ ವಿಷ ಅನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ ಎಂದರು. ಬಾಯಿ ನನ್ನದು ಅಂದಳೇ? ಉಳಿದದ್ದು ಯಾವುದೂ ಅವಳದಲ್ಲ, ಅದಕ್ಕೇ ಅಂದಿರಬೇಕು. ಕೂತುಕೋ, ಒಬ್ಬ ದೊರೆಯ ಕತೆ ಇದೆ, ಕೇಳು ಎಂದು ಹೇಳತೊಡಗಿದರು.

ಆ ದೊರೆ ಕೋಟೆ ಕಟ್ಟಿಸುತ್ತಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆಯೇ ಬೇಕಿರಲಿಲ್ಲ, ಎರಡು ಮಾತು ಬೈದು ಸುಮ್ಮನಾಗಬಹುದಿತ್ತು. ಪ್ರಜೆಗಳ ಒಳಿತು ಅಂದರೆ ಜೀವ ಬಿಡುವವನು ಅವನು.

ಕೆಲಸದ ಮೇಲೆ ಒಬ್ಬ ಮೇಸ್ತ್ರಿ ಇದ್ದ. ಹೊತ್ತು ಮೂಡಿದಾಗ ತಲೆಯ ಮೇಲೆ ಬುಟ್ಟಿ ಏರಿದರೆ ಹೊತ್ತು ಮುಳುಗುವ ತನಕ ಯಾರೂ ಕೂರುವಂತಿಲ್ಲ. ಕೂತವರನ್ನು ಕೋಲಿನಿಂದ ತಿವಿದು ಎಬ್ಬಿಸುತ್ತಿದ್ದ. ಬೀಡಿ ಹಚ್ಚಿದವರಿಗೆ ಮಾತ್ರ ಮಾಫಿ. ಬೀಡಿ ಆರುವ ತನಕ ಅವರು ಕೂರಬಹುದು. ಯಾಕೆ ಗೊತ್ತೇ? ಮೇಸ್ತ್ರಿಯೂ ಸೇದುವವನೇ. ಚಟದ ಸಂಕಟ ಅವನಿಗೆ ಗೊತ್ತಿತ್ತು. ಸೊಂಟದ ಸಂಕಟ ಗೊತ್ತಿರಲಿಲ್ಲ.

ಅಲ್ಲಿ ಕಲ್ಲು ಹೊರುವ ಒಬ್ಬ ಹೆಂಗಸಿದ್ದಳು. ಅವಳಿಗೊಂದು ಹಾಲು ಕುಡಿಯುವ ಕೂಸು. ಕೂಸು ಅತ್ತಿತೆಂದು ಹೋಗಿ ಕೂತಳು. ಮೇಸ್ತ್ರಿ ಎಬ್ಬಿಸಿದ. ಹಾಲೂಡಿಸಬೇಕು ಅಂದಳು. ಅದಕ್ಕೆಲ್ಲ ಇಲ್ಲಿ ಪುರುಸೊತ್ತಿಲ್ಲ ಅಂದ. ಪಕ್ಕದಲ್ಲೇ ಗಂಡಸರು ಹಾಯಾಗಿ ಕೂತು ಹೊಗೆ ಬಿಡುತ್ತಿದ್ದರು, ಅವರನ್ನು ಕೇಳುವವರಿಲ್ಲ. ಅವಳು ಅದನ್ನು ನೋಡಿದಳು. ಮಾರನೆಯ ದಿನ ಒಬ್ಬನ ಹತ್ತಿರ ಬೀಡಿ ಬೇಡಿ ಹಚ್ಚಿದಳು. ಕೆಮ್ಮು ಒತ್ತರಿಸಿ ಬಂತು, ಕಣ್ಣಲ್ಲಿ ನೀರು ಬಂತು. ಮೇಸ್ತ್ರಿ ನೋಡಿ, ನಕ್ಕು, ಮುಂದೆ ಹೋದ. ಅವಳು ಬೀಡಿಯ ಕೈಯನ್ನು ದೂರಕ್ಕೆ ಚಾಚಿ ಕೂಸಿಗೆ ಹಾಲೂಡಿಸಿದಳು.

ಬರಬರುತ್ತ ಚಟವೂ ಅಂಟಿತು. ಅದನ್ನು ನಾನು ಮುಚ್ಚಿಡುವುದಿಲ್ಲ.

ಒಂದು ದಿನ ದೊರೆ ಕೋಟೆ ನೋಡಲು ಬಂದ. ಎದೆಗೆ ಕೂಸನ್ನು ಒತ್ತಿಕೊಂಡು ಹೊಗೆ ಬಿಡುವ ತಾಯಿಯನ್ನು ಕಂಡ. ಅವನ ರಕ್ತ ಕುದಿಯಿತು. ಕುದಿಯಬೇಕಾದ್ದೇ. ಆದರೆ ಅವಳು ಯಾಕೆ ಅಲ್ಲಿ ಹಾಗೆ ಕೂತಿದ್ದಾಳೆ ಎಂದು ಒಂದು ಮಾತು ಕೇಳಲಿಲ್ಲ. ನಿಂತ ಕಾಲಲ್ಲೇ ಅಪ್ಪಣೆ ಹೊರಡಿಸಿದ. ಇನ್ನು ಮೇಲೆ ಆಳುಗಳು ಬೀಡಿ ಮುಟ್ಟುವಂತಿಲ್ಲ. ಕಾವಲಿನವರು ಬಾಯಿ ಮೂಸಿ ನೋಡಬೇಕು. ವಾಸನೆ ಬಂದರೆ ಚಾಟಿ. ಆಳುಗಳಿಗೆ ಮಾತ್ರ, ನೆನಪಿರಲಿ. ಅರಮನೆಯ ಗುಡುಗುಡಿಯ ತಂಟೆಗೆ ಯಾರೂ ಹೋಗಲಿಲ್ಲ.

ಮೇಸ್ತ್ರಿಗೆ ಅನುಕೂಲವೇ ಆಯಿತು. ಬೀಡಿ ಹೋಯಿತು, ಬೀಡಿಯ ಜೊತೆಗೆ ಕೂರುವುದೂ ಹೋಯಿತು. ಗೋಡೆ ಬೇಗ ಬೇಗ ಏಳತೊಡಗಿತು. ನೋಡಿದಿರಾ, ಚಟ ಬಿಟ್ಟರೆ ಮೈಯಲ್ಲಿ ಎಷ್ಟು ಕಸುವು ಎಂದು ದೊರೆ ಆಸ್ಥಾನದಲ್ಲಿ ಹೇಳಿಕೊಂಡ. ಎಲ್ಲರೂ ತಲೆದೂಗಿದರು. ದೂಗದೆ ಏನು ಮಾಡಿಯಾರು?

ಇತ್ತ ಕೂಸು ಅಳುತ್ತಿತ್ತು. ತಾಯಿಯ ರವಿಕೆ ಒದ್ದೆಯಾಗುತ್ತಿತ್ತು, ಅವಳು ಕಲ್ಲು ಹೊರುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ ಬುಟ್ಟಿ ಇಳಿಸಿ ಮರದ ಕೆಳಗೆ ಕೂತೇಬಿಟ್ಟಳು. ಕಾವಲಿನವನು ಓಡಿಬಂದ. ಬಾಯಿ ತೆರೆ ಅಂದ. ತೆರೆದಳು. ಹಸುಗೂಸಿನ ತಾಯಿಯ ಬಾಯಿಗೆ ಮೂಗು ಹಿಡಿದು ಮೂಸಿದ, ನಾಚಿಕೆ ಬಿಟ್ಟವನು. ವಾಸನೆ ಇರಲಿಲ್ಲ. ಆಮೇಲೆ ಏನಂದ ಗೊತ್ತೇ?

"ಬೀಡಿ ಸೇದುತ್ತಿಲ್ಲ ಅಂದಮೇಲೆ ಕೂತಿದ್ದೇಕೆ? ಏಳು."

ಇಲ್ಲಿ ಗುರುಗಳು ಮಾತು ನಿಲ್ಲಿಸಿದರು. ಅವರ ದನಿ ಏರಿಹೋಗಿತ್ತು. ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು.

ಸ್ವಲ್ಪ ದಿನ ಕಳೆಯಿತು. ದೊರೆ ತನ್ನ ಕಟ್ಟಳೆಯ ಫಲ ನೋಡಲು ಮತ್ತೆ ಬಂದ. ಅದೇ ಹೆಂಗಸನ್ನು ಗುರುತು ಹಿಡಿದ. ಇವಳ ಕೂಸಿಗಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು ಎಂದು ಜೊತೆಯವರಿಗೆ ತೋರಿಸಿದ. ಈಗ ಕೂಸಿಗೆ ಹೊಗೆಯ ಕಾಟ ತಪ್ಪಿತಲ್ಲವೇ ಎಂದು ಅವಳನ್ನು ಕೇಳಿದ. ಅವಳ ತಲೆಯ ಮೇಲೆ ಕಲ್ಲಿತ್ತು. ಇಳಿಸದೆಯೇ ಹೇಳಿದಳು.

"ಹೊಗೆಯೂ ಇಲ್ಲ ಬುದ್ಧಿ, ಹಾಲೂ ಇಲ್ಲ."

ದೊರೆಗೆ ತಿಳಿಯಲಿಲ್ಲ. ಏನೋ ಒಗಟು ಹೇಳುತ್ತಾಳೆ ಎಂದುಕೊಂಡು ಮುಂದೆ ನಡೆದ. ಇಲ್ಲಿ ಯಾರೂ ಹೊಗೆ ಸೇದುವುದಿಲ್ಲ ಎಂದು ಚಪ್ಪಡಿಯ ಮೇಲೆ ಕೆತ್ತಿಸಿ ಕೋಟೆಯ ಬಾಗಿಲಿಗೆ ಇಡಿಸಿದ. ಆ ಚಪ್ಪಡಿ ಹೊತ್ತವರಲ್ಲಿ ಅವಳೂ ಒಬ್ಬಳು.

ಗುರುಗಳು ಕತೆ ಮುಗಿಸಿದರು. ಬೇವಿನ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಸಾಂತವ್ವನ ಕೂಸು ಅಳುತ್ತಿತ್ತು. ಸಾಂತವ್ವ ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದಳು. ನಿಜಲಿಂಗನಿಗೆ ಕತೆಯ ಮೇಸ್ತ್ರಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.

"ಅಂಥವನಿಗೆ ಕೊನೆಗೆ ಯಾವ ಶಿಕ್ಷೆಯಾಯಿತು, ಗುರುಗಳೇ?" ಎಂದ.

"ಯಾವ ಶಿಕ್ಷೆ? ಈಗ ನಮ್ಮ ಮಠದಲ್ಲಿ ದಾಸೋಹದ ಮನೆ ಕಟ್ಟಿಸುತ್ತಿದ್ದಾನೆ."