ಮೀಸೆ ಮುಚ್ಚದ ಕನ್ನಡಕ

ಮುಸ್ಸಂಜೆ ಹೊತ್ತು. ದಾವಣಗೆರೆಯ ಕನ್ನಡಕದಂಗಡಿಗೆ ನಿವೃತ್ತ ತಹಸೀಲ್ದಾರ್ ಮುರುಗೇಂದ್ರಪ್ಪನವರು ಬಂದರು. ಅರವತ್ತು ದಾಟಿದ ಮೇಲೆ ಸೈಕಲ್ ಕಲಿಯುತ್ತಿದ್ದರು. ಮೊಣಕೈಗೆ ಬ್ಯಾಂಡೇಜು, ಮೂಗಿನ ಕೆಳಗೆ ಗಿರಿಜಾ ಮೀಸೆ.

“ಸೈಕಲ್ ಹೊಡೆಯೋಕೆ ಅತಿ ಕಪ್ಪು ಗಾಜಿನದು ಕೊಡಮ್ಮ. ಬಿದ್ದರೂ ಯಾರಿಗೂ ನನ್ನ ಗುರುತು ಸಿಗಬಾರದು!”

ಅಂಗಡಿಯಾಕೆ ವಾದಿಸಲಿಲ್ಲ. ಕಡುಕಪ್ಪಿನದನ್ನೇ ಹಾಕಿಸಿ, ಬಾಗಿಲಲ್ಲಿ ನಿಲ್ಲಿಸಿದಳು.

“ನಮಸ್ಕಾರ ಸಾಹೇಬ್ರೇ!” ರಸ್ತೆಯಿಂದ ಯಾರೋ ಕೂಗಿದರು.

“ಯಾರಯ್ಯ ಅದು? ಕಾಣ್ತಿಲ್ಲ.”

“ನಿಮ್ಮ ಹಳೇ ಜವಾನ ತಿಪ್ಪಣ್ಣ. ಮೀಸೆ ನೋಡಿ ನಿಂತೆ.”

ಅಂಗಡಿಯಾಕೆ ಕಪ್ಪು ಕನ್ನಡಕ ತೆಗೆದು, ಕಿವಿಗೆ ಬಿಗಿಯಾಗಿ ಕೂರುವ ತಿಳಿಗಾಜಿನದು ತೊಡಿಸಿದಳು. “ಇದ್ರಲ್ಲಿ ರಸ್ತೆ ಗುಂಡಿ ಕಾಣುತ್ತೆ ಸಾರ್. ಬೀಳದಿದ್ರೆ ಮುಚ್ಚಿಡೋದೇನಿದೆ?”

ಸಾಹೇಬರು ಮೀಸೆ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು: “ತಿಪ್ಪಣ್ಣ, ನಾಳೆ ಬಂದು ಸೈಕಲ್ ಸೀಟು ಹಿಡ್ಕೊಳ್ತೀಯಾ?”

“ಅಷ್ಟು ವರ್ಷ ಆಫೀಸಲ್ಲಿ ನಿಮ್ಮ ಸೀಟು ಹಿಡಿದವನು ನಾನೇ ಅಲ್ವಾ ಸಾಹೇಬ್ರೇ?”