ಕೇಸರಿ ಕೊಯ್ಯುವವನ ಬಾಲ

ಕ್ರೀಟ್ ದ್ವೀಪದ ಪುರಾತನ ಅರಮನೆಯೊಂದರ ಗೋಡೆಯ ಮೇಲೆ ಕೇಸರಿ ಹೂವು ಕೊಯ್ಯುವವನ ಚಿತ್ರವಿತ್ತು. ಭೂಕಂಪದಲ್ಲಿ ಗೋಡೆ ಬಿದ್ದು ಚಿತ್ರ ಚೂರುಚೂರಾಯಿತು. ಸಾವಿರಾರು ವರ್ಷಗಳ ಮೇಲೆ ಚೂರುಗಳನ್ನು ಅಗೆದು ಜೋಡಿಸಿದವರಿಗೆ ತಲೆ ಸಿಗಲಿಲ್ಲ. ಅವರು ರಾಜಕುಮಾರನ ತಲೆಯೊಂದನ್ನು ಬರೆದು ಕೂರಿಸಿದರು. ಅಂದಿನಿಂದ ಚಿತ್ರದವನು ಬೀಗತೊಡಗಿದ.

ಒಂದು ದಿನ ಚಿತ್ರ ಜೋಡಿಸುವ ದೆಸ್ಪೀನಾ ಎಂಬಾಕೆ ಮಣ್ಣಿನಲ್ಲಿ ಸಿಕ್ಕ ನೀಲಿ ಬಾಲದ ಚೂರನ್ನು ತಂದು ಅವನ ಪಕ್ಕದಲ್ಲಿಟ್ಟಳು.

“ಅಣ್ಣಾ, ಅಂತೂ ಸಿಕ್ಕಿದೆಯಲ್ಲ!” ಎಂದಿತು ಬಾಲ.

“ಯಾರು ನಿನ್ನ ಅಣ್ಣ? ನಾನು ರಾಜಕುಮಾರ. ಮಂಗನ ಬಾಲಕ್ಕೆ ಇಲ್ಲೇನು ಕೆಲಸ? ಆಚೆ ಎಸೆಯಿರಿ ಇದನ್ನು!” ಎಂದು ಅವನು ಗದರಿದ.

ದೆಸ್ಪೀನಾ ಬಾಲವನ್ನು ಅವನ ಬೆನ್ನಿಗೆ ಹಿಡಿದು ನೋಡಿದಳು. ಕೂದಲೆಳೆಯಷ್ಟೂ ಸಂದಿಲ್ಲದೆ ಅದು ಕೂಡಿಕೊಂಡಿತು. ಅವಳು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. ಮರುದಿನವೇ ರಾಜಕುಮಾರನ ತಲೆಯನ್ನು ಅಳಿಸಿ ಮಂಗನ ತಲೆ ಬರೆದಳು.

ಮಂಗ ತನ್ನ ಕೈಯಲ್ಲಿದ್ದ ಕೇಸರಿ ಹೂವನ್ನು ಕೇಳಿತು: “ನಿನಗೆ ಇದು ಗೊತ್ತಿತ್ತೇ?”

“ಮೊದಲಿನಿಂದಲೂ ಗೊತ್ತಿತ್ತು,” ಎಂದಿತು ಹೂವು. “ನಮ್ಮನ್ನು ಕೊಯ್ಯುವುದು ಮಂಗನ ಕೈಯೆಂದು ನಾವು ಎಂದೂ ನಾಚಲಿಲ್ಲ. ನಾಚಿದವನು ನೀನೊಬ್ಬನೇ.”